ಸಬ್‌ಮರೀನ್ ತೋರಿಸುವ ಸಮುದ್ರದ ಆಳ ತಪ್ಪಾಗಿದ್ದರೆ: ದೋಷ ಹುಡುಕುವ ದಾರಿ

ನೀವು ಕಟ್ಟಿದ ಪುಟ್ಟ ಸಬ್‌ಮರೀನ್ ನೀರಿನೊಳಗಿದೆ. ಲ್ಯಾಪ್‌ಟಾಪ್ ಪರದೆಯಲ್ಲಿ ಸಮುದ್ರದ ಆಳ 19.5 ಮೀಟರ್ ಅಂತ ಬರುತ್ತಿದೆ. ದೋಣಿಯಿಂದ ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟರೆ 20 ಮೀಟರ್ ಬರುತ್ತದೆ. ಯಾವುದನ್ನು ನಂಬೋದು? ಸೆನ್ಸರ್ ಬದಲಿಸಬೇಕಾ, ಕೋಡ್ ತಿದ್ದಬೇಕಾ, ಇಲ್ಲಾ ಸುಮ್ನೆ ಅರ್ಧ ಮೀಟರ್ ಸೇರಿಸಿ ಮುಂದೆ ಹೋಗಬೇಕಾ?

ಕೊನೆಯದನ್ನು ಮಾತ್ರ ಮಾಡಬೇಡಿ. ನಾನು ಒಮ್ಮೆ ಹಾಗೆ ಮಾಡಿ ಇಡೀ ದಿನದ ಅಳತೆ ಕಳೆದುಕೊಂಡಿದ್ದೇನೆ. ಆ ಅರ್ಧ ಮೀಟರ್ ಎಲ್ಲಿಂದ ಬಂತು ಅಂತ ಗೊತ್ತಾಗದೆ ಅದನ್ನು ಸೇರಿಸಿದರೆ, ಸಬ್‌ಮರೀನ್ ಬೇರೆ ಮಟ್ಟಕ್ಕೆ ಹೋದ ತಕ್ಷಣ ತಪ್ಪು ಇನ್ನೂ ದೊಡ್ಡದಾಗುತ್ತದೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಕೇಬಲ್ ಕಟ್ಟಿ ಇಳಿಸುವ ಸಣ್ಣ ಆರ್‌ಒವಿ (ಒಳಗೆ ಜನ ಇಲ್ಲದ, ಮೇಲಿನಿಂದಲೇ ನಡೆಸುವ ಸಬ್‌ಮರೀನ್) ಇಟ್ಟುಕೊಂಡವರಿಗೆ. ಅದರಲ್ಲಿ ಒಂದು ಒತ್ತಡದ ಸೆನ್ಸರ್, ಕೆಳಮುಖವಾಗಿ ಒಂದು ಸಣ್ಣ ಸೋನಾರ್, ಅಂದರೆ ಸದ್ದಿನಿಂದ ದೂರ ಅಳೆಯುವ ಸಾಧನ, ಇರುತ್ತದೆ. ಮನುಷ್ಯರು ಕೂರುವ ದೊಡ್ಡ ಸಬ್‌ಮರೀನ್‌ನಲ್ಲೂ ಆಳದ ಲೆಕ್ಕ ನಡೆಯುವುದು ಇದೇ ರೀತಿಯಲ್ಲಿ.

ಒಂದು ಆಳ, ಎರಡು ಅಳತೆ

ಹಡಗು ನೀರಿನ ಮೇಲೆ ತೇಲುತ್ತದೆ. ಅಲ್ಲಿಂದ ತಳಕ್ಕೆ ಒಂದೇ ಅಳತೆ ಸಾಕು. ಸಬ್‌ಮರೀನ್ ಹಾಗಲ್ಲ, ಅದು ಮಧ್ಯದಲ್ಲೆಲ್ಲೋ ಇರುತ್ತದೆ. ಹಾಗಾಗಿ ಸಮುದ್ರದ ಆಳ ಬೇಕು ಅಂದ್ರೆ ಎರಡು ಅಂಕಿ ಕೂಡಿಸಬೇಕು. ತನ್ನ ಮೇಲೆ ಎಷ್ಟು ನೀರಿದೆ ಅನ್ನೋದನ್ನು ಒತ್ತಡದಿಂದ ತಿಳಿಯುತ್ತದೆ. ಕೆಳಗೆ ಎಷ್ಟಿದೆ ಅನ್ನೋದನ್ನು ಸದ್ದು ಕಳಿಸಿ, ಅದು ತಳಕ್ಕೆ ಬಡಿದು ವಾಪಸ್ ಬರುವ ಹೊತ್ತನ್ನು ಎಣಿಸಿ ತಿಳಿಯುತ್ತದೆ.

1958ರ ಆಗಸ್ಟ್ 3ರಂದು ಅಮೆರಿಕದ ನಾಟಿಲಸ್ ಸಬ್‌ಮರೀನ್ ಹಿಮದ ಅಡಿಯಲ್ಲೇ ಸಾಗಿ ಉತ್ತರ ಧ್ರುವ ದಾಟಿತು. ಅಲ್ಲಿ ಸಮುದ್ರದ ಆಳ 13,410 ಅಡಿ ಅಂತ ದಾಖಲಿಸಿತು, ಅಂದರೆ ಸುಮಾರು 4,087 ಮೀಟರ್. ಮೇಲೆ ಹಿಮದ ಚಾವಣಿ ಇದ್ದಾಗ ಹಗ್ಗ ಬಿಡಲು ಜಾಗ ಎಲ್ಲಿ? ಈ ಎರಡು ಅಂಕಿಗಳ ಕೂಡಿಕೆಯೇ ಗತಿ.

ಮೂರನೆಯ ಸಣ್ಣ ಅಂಕಿಯೊಂದಿದೆ, ಜಾಸ್ತಿ ಜನ ಮರೆಯುವುದು ಅದನ್ನೇ. ಒತ್ತಡದ ಸೆನ್ಸರ್ ಮೇಲ್ಗಡೆ ಇರುತ್ತದೆ, ಸೋನಾರ್‌ನ ಮುಖ ಕೆಳಗಡೆ ಇರುತ್ತದೆ. ಇವೆರಡರ ನಡುವಿನ ಅಂತರವನ್ನು ಟೇಪ್ ಹಿಡಿದು ಅಳೆದು ಕೂಡಿಸಬೇಕು. ನಮ್ಮದರಲ್ಲಿ ಅದು 22 ಸೆಂಟಿಮೀಟರ್. ನಿಮ್ಮದನ್ನು ಈಗಲೇ ಅಳೆದು ಬರೆದಿಟ್ಟುಕೊಳ್ಳಿ.

ಬಿಚ್ಚುವ ಮೊದಲು ಏರಿಳಿಸಿ ನೋಡಿ

ಅಂಕಿ ತಪ್ಪು ಅಂತ ಕಂಡ ಕೂಡಲೇ ಸ್ಕ್ರೂಡ್ರೈವರ್ ತೆಗೆಯಬೇಡಿ. ಮೊದಲು ಎರಡರಲ್ಲಿ ಯಾವ ಅರ್ಧ ತಪ್ಪು ಹೇಳುತ್ತಿದೆ ಅಂತ ತಿಳಿಯಬೇಕು. ಅದಕ್ಕೆ ಬೇರೆ ಸಲಕರಣೆ ಏನೂ ಬೇಡ. ಸಬ್‌ಮರೀನ್ ಇದ್ದ ಜಾಗದಲ್ಲೇ ಮೇಲೆ ಕೆಳಗೆ ಹೋದರೆ ಸಾಕು.

ಯೋಚಿಸಿ ನೋಡಿ. ತಳ ಸಪಾಟಾಗಿದ್ದರೆ, ಸಬ್‌ಮರೀನ್ ಐದು ಮೀಟರ್ ಇಳಿದಾಗ ಮೇಲಿನ ಅಂಕಿ ಐದು ಏರಬೇಕು, ಕೆಳಗಿನ ಅಂಕಿ ಐದು ಇಳಿಯಬೇಕು. ಒಟ್ಟು ಕದಲಬಾರದು. ಒಟ್ಟು ಕದಲಿದರೆ ಎರಡರಲ್ಲಿ ಒಂದರ ಅಳತೆಗೋಲು ಉದ್ದ ಅಥವಾ ಗಿಡ್ಡ ಆಗಿದೆ ಅಂತ ಅರ್ಥ.

ಮಲ್ಪೆಯಲ್ಲಿ ಬಾಡಿಗೆ ದೋಣಿ ಹಿಡಿದು ಹೋದಾಗ ನಾವು ಮಾಡಿದ್ದನ್ನೇ ಹೇಳುತ್ತೇನೆ. ಲಂಗರು ಹಾಕಿದೆವು. ಗುಂಡಿನ ಹಗ್ಗ ಬಿಟ್ಟು ಟೇಪ್ ಹಿಡಿದರೆ 20 ಮೀಟರ್. ದೋಣಿ ನಡೆಸುವ ತಾಂಡೇಲರು ಆ ಹಗ್ಗವನ್ನು ತೋಳು ಚಾಚಿ ಚಾಚಿ ಎಳೆದುಕೊಂಡು, "ಹನ್ನೊಂದು ಮಾರು ಮಾರಾಯ್ರೆ, ಅಡಿಯಲ್ಲಿ ಬರೀ ಕೆಸರು" ಅಂದರು. ಒಂದು ಮಾರು ಅಂದರೆ ಸುಮಾರು ಆರು ಅಡಿ. ಹನ್ನೊಂದು ಮಾರು ಅಂದರೆ 20 ಮೀಟರೇ ಆಯಿತು. ಎರಡು ಕಡೆಯಿಂದ ಒಂದೇ ಉತ್ತರ ಬಂದಿದ್ದರಿಂದ ಹಗ್ಗವನ್ನು ನಂಬಿದೆವು.

ಆಮೇಲೆ ಸಬ್‌ಮರೀನ್ ಅನ್ನು ಮೂರು ಮಟ್ಟದಲ್ಲಿ ನಿಲ್ಲಿಸಿದೆವು. ಮೇಲ್ಮೈಯಿಂದ ಒಂದು ಮೀಟರ್ ಕೆಳಗೆ ನಿಲ್ಲಿಸಿದಾಗ ಒಟ್ಟು 19.5. ಹತ್ತು ಮೀಟರ್‌ನಲ್ಲಿ 20.0. ತಳಕ್ಕೆ ಒಂದು ಮೀಟರ್ ಇರುವಾಗ 20.4.

ನಡುವಿನ ಅಂಕಿ ನೋಡಿ. ಕರಾರುವಾಕ್ಕಾಗಿ ಸರಿಯಾಗಿದೆ, ಅಲ್ವಾ? ಅಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೆ ಎಲ್ಲ ಸರಿಯಿದೆ ಅಂತ ದಡಕ್ಕೆ ಬಂದುಬಿಡುತ್ತಿದ್ದೆವು. ನಿಜದಲ್ಲಿ ಎರಡೂ ಅರ್ಧ ತಪ್ಪಾಗಿದ್ದವು. ಒಂದು ಜಾಸ್ತಿ ತೋರಿಸುತ್ತಿತ್ತು, ಇನ್ನೊಂದು ಕಮ್ಮಿ ತೋರಿಸುತ್ತಿತ್ತು. ನಡುವೆ ಒಂದನ್ನೊಂದು ಹೊಡೆದುಹಾಕುತ್ತಿದ್ದವು.

ಓದುವುದು ಹೀಗೆ. ಸಬ್‌ಮರೀನ್ ಮೇಲ್ಗಡೆ ಇದ್ದಾಗ ಒಟ್ಟಿನಲ್ಲಿ ಹೆಚ್ಚು ಪಾಲು ಸೋನಾರ್‌ನದು. ಅಲ್ಲಿ ಕಾಣುವ ತಪ್ಪು ಸೋನಾರ್‌ನ ತಪ್ಪು. ತಳದ ಹತ್ತಿರ ಇದ್ದಾಗ ಹೆಚ್ಚು ಪಾಲು ಒತ್ತಡದ್ದು. ಅಲ್ಲಿ ಕಾಣುವ ತಪ್ಪು ಒತ್ತಡದ್ದು. ಅಂದರೆ ನಮ್ಮ ಸೋನಾರ್ ಅರ್ಧ ಮೀಟರ್ ಕಮ್ಮಿ ಹೇಳುತ್ತಿತ್ತು, ಒತ್ತಡದ ಲೆಕ್ಕ ಸುಮಾರು 0.4 ಮೀಟರ್ ಜಾಸ್ತಿ ಹೇಳುತ್ತಿತ್ತು. ಮೂರೂ ಕಡೆ ಒಂದೇ ತಪ್ಪು ಬಂದರೆ ಕಥೆ ಬೇರೆ. ಆಗ ಸೊನ್ನೆ ತಪ್ಪಾಗಿದೆ, ಇಲ್ಲವೇ ಆ 22 ಸೆಂಟಿಮೀಟರ್ ಕೂಡಿಸಿಲ್ಲ, ಇಲ್ಲವೇ ನೀವು ಹೋಲಿಸುತ್ತಿರುವ ಅಂಕಿಯೇ ಬೇರೆ.

ಈ ಪರೀಕ್ಷೆ ಮಾಡುವಾಗ ಸಬ್‌ಮರೀನ್ ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳಿ. ನಾವು ಗುಂಡಿನ ಹಗ್ಗವನ್ನೇ ನೆಟ್ಟಗೆ ಎಳೆದು ಹಿಡಿದು, ಅದರ ಪಕ್ಕದಲ್ಲೇ ಏರಿಳಿಸಿದೆವು. ಪ್ರತಿ ಮಟ್ಟದಲ್ಲೂ ಒಂದು ನಿಮಿಷ ನಿಲ್ಲಿಸಿ ಸರಾಸರಿ ತೆಗೆಯಿರಿ. ಅಲೆ ಇದ್ದ ದಿನ ಎರಡು ನಿಮಿಷ ನಿಲ್ಲಿಸಿ.

ಮೇಲಿನ ಅರ್ಧ: ಒತ್ತಡ

ಮೊದಲು ಸೊನ್ನೆಯ ವಿಷಯ. ಬೆಂಗಳೂರಿನಲ್ಲಿ ಕೂತು ಕಟ್ಟುವವರಿಗೆಲ್ಲ ಇದು ಒಮ್ಮೆಯಾದರೂ ಎದುರಾಗುತ್ತದೆ. ಎಂಎಸ್5837ನಂತಹ ಒತ್ತಡದ ಸೆನ್ಸರ್ ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುತ್ತದೆ. ಅದರ ಜೊತೆ ಬಳಸುವ ಕೋಡ್ ಸಮುದ್ರಮಟ್ಟದ ಗಾಳಿಯ ಒತ್ತಡ 1013 ಮಿಲಿಬಾರ್ ಅಂತ ಹಿಡಿದು, ಅದನ್ನು ಕಳೆದು ಆಳ ತೋರಿಸುತ್ತದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು. ನೂರು ಮಿಲಿಬಾರ್ ಅಂದರೆ ಸುಮಾರು ಒಂದು ಮೀಟರ್ ನೀರು. ಹಾಗಾಗಿ ಮೇಜಿನ ಮೇಲೆ ಒಣಗಿ ಕೂತಿರುವ ಸಬ್‌ಮರೀನ್ "ಆಳ ಮೈನಸ್ 1 ಮೀಟರ್" ಅನ್ನುತ್ತದೆ.

ಸೆನ್ಸರ್ ಕೆಟ್ಟಿಲ್ಲ. ಅದು ಬೆಂಗಳೂರಿನ ಎತ್ತರವನ್ನು ಹೇಳುತ್ತಿದೆ ಅಷ್ಟೇ. ತೊಂದರೆ ಆಗುವುದು ಮುಂದಿನ ಹೆಜ್ಜೆಯಲ್ಲಿ. ಯಾರೋ ಒಬ್ಬರು ಮೈನಸ್ ನೋಡಿ ಗಾಬರಿಯಾಗಿ ಕೋಡ್‌ನಲ್ಲಿ ಒಂದು ಮೀಟರ್ ಕೂಡಿಸುತ್ತಾರೆ. ಅದೇ ಸಬ್‌ಮರೀನ್ ಘಟ್ಟ ಇಳಿದು ಮಲ್ಪೆಗೆ ಹೋದಾಗ ದೋಣಿಯಲ್ಲಿ ಕೂತೇ ಒಂದು ಮೀಟರ್ ಆಳ ತೋರಿಸುತ್ತದೆ. ಪರಿಹಾರ ಸುಲಭ. ಕೋಡ್‌ನಲ್ಲಿ ಗಾಳಿಯ ಒತ್ತಡದ ಅಂಕಿಯನ್ನು ಬರೆದೇ ಇಡಬೇಡಿ. ಪ್ರತಿದಿನ, ಆ ಜಾಗದಲ್ಲೇ, ನೀರಿಗೆ ಇಳಿಸುವ ಮೊದಲು ಅರ್ಧ ನಿಮಿಷದ ಸರಾಸರಿ ತೆಗೆದು ಅದನ್ನೇ ಸೊನ್ನೆ ಮಾಡಿ. ಗಾಳಿಯ ಒತ್ತಡ ದಿನದೊಳಗೇ ಕೆಲವು ಮಿಲಿಬಾರ್ ಏರಿಳಿಯುತ್ತದೆ. ಒಂದು ಮಿಲಿಬಾರ್ ಅಂದರೆ ಸುಮಾರು ಒಂದು ಸೆಂಟಿಮೀಟರ್. ಹಾಗಾಗಿ ಸಂಜೆ ಮೇಲೆತ್ತಿದ ಮೇಲೆ ಇನ್ನೊಮ್ಮೆ ಓದಿ ಬರೆದುಕೊಳ್ಳಿ.

ಅಂಕಿ ಮೈನಸ್ 10ರ ಹತ್ತಿರ ನಿಂತುಬಿಟ್ಟಿದ್ದರೆ? ಅದು ಒತ್ತಡ ಸೊನ್ನೆ ಅಂತ ಓದಿದ್ದಕ್ಕೆ ಬರುವ ಉತ್ತರ. ಒಂದು ವಾತಾವರಣದ ಒತ್ತಡ ಅಂದರೆ ಹತ್ತು ಮೀಟರ್ ನೀರು, ಅದನ್ನು ಕಳೆದಾಗ ಉಳಿಯುವುದು ಇದೇ. ಸೆನ್ಸರ್ ಮಾತಾಡುತ್ತಿಲ್ಲ. ತಂತಿ ಬಿಟ್ಟಿದೆ, ಕನೆಕ್ಟರ್‌ಗೆ ನೀರು ಹೋಗಿದೆ, ಇಲ್ಲವೇ ಸೆನ್ಸರ್ ಮತ್ತು ಕಂಪ್ಯೂಟರ್ ಮಾತಾಡುವ ಐ2ಸಿ ಸಂಪರ್ಕ ಸಿಕ್ಕಿಲ್ಲ. ಇಲ್ಲಿ ಲೆಕ್ಕ ಮಾಡುತ್ತಾ ಕೂರಬೇಡಿ, ಮಲ್ಟಿಮೀಟರ್ ತೆಗೆಯಿರಿ.

ಈಗ ಅಳತೆಗೋಲಿನ ವಿಷಯ. ಒತ್ತಡವನ್ನು ಆಳಕ್ಕೆ ತಿರುಗಿಸಲು ನೀರು ಎಷ್ಟು ಭಾರ ಅಂತ ಗೊತ್ತಿರಬೇಕು. ನಲ್ಲಿ ನೀರು 25 ಡಿಗ್ರಿಯಲ್ಲಿ ಒಂದು ಘನ ಮೀಟರ್‌ಗೆ 997 ಕಿಲೋ. ನಮ್ಮ ಅರಬ್ಬೀ ಸಮುದ್ರದ ಬೆಚ್ಚಗಿನ ಉಪ್ಪುನೀರು ಸುಮಾರು 1022 ಕಿಲೋ. ಕೋಡ್‌ನಲ್ಲಿ 997 ಇದ್ದರೆ ಸಮುದ್ರದಲ್ಲಿ ಆಳ ಶೇಕಡಾ ಎರಡೂವರೆಯಷ್ಟು ಜಾಸ್ತಿ ತೋರಿಸುತ್ತದೆ. ನಮ್ಮ ದೋಷ ಇದೇ ಆಗಿತ್ತು. ಮನೆಯಲ್ಲಿ ನೀರಿನ ತೊಟ್ಟಿಯಲ್ಲಿ ಪರೀಕ್ಷೆ ಮಾಡಿದ್ದೆವು, ಅಲ್ಲಿ ಸರಿಯಾಗಿಯೇ ಇತ್ತು. ಆ ಅಂಕಿ ಬದಲಿಸದೆ ಸಮುದ್ರಕ್ಕೆ ಹೋಗಿದ್ದೆವು. ಕೆಲವು ಕೋಡ್‌ಗಳಲ್ಲಿ ಸಮುದ್ರಕ್ಕೆ 1029 ಅಂತ ಇರುತ್ತದೆ. ಅದು ತಣ್ಣಗಿನ ಸಮುದ್ರಕ್ಕೆ ಹತ್ತಿರ. ನಮ್ಮ ಕರಾವಳಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಮಳೆಗಾಲದಲ್ಲಿ ಹೊಳೆ ಸೇರುವ ಬಾಯಿಯ ಹತ್ತಿರ ಮೇಲಿನ ಪದರ ಇನ್ನೂ ಹಗುರ ಇರುತ್ತದೆ.

ಈ ತಪ್ಪು ದೊಡ್ಡವರಿಗೂ ಆಗಿದೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಟ್ರಿಯೆಸ್ಟ್ ಎಂಬ ನೌಕೆಯಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದರು. ಮಾಪಕ ತೋರಿಸಿದ್ದು 37,800 ಅಡಿ. ಆಮೇಲೆ ಆ ಒತ್ತಡವನ್ನು ನಿಜವಾದ ಸಮುದ್ರದ ನೀರಿಗೆ ಹೊಂದಿಸಿ ಲೆಕ್ಕ ಹಾಕಿದಾಗ ಸುಮಾರು 35,800 ಅಡಿಗೆ ಇಳಿಯಿತು. ಎರಡು ಸಾವಿರ ಅಡಿ ವ್ಯತ್ಯಾಸ! ಅಷ್ಟು ಆಳದಲ್ಲಿ ಉಪ್ಪು ಮತ್ತು ಚಳಿಯ ಜೊತೆಗೆ ನೀರು ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ಮತ್ಸ್ಯ 6000 ನೌಕೆಯ ಗುರಿ ಆರು ಸಾವಿರ ಮೀಟರ್. ಅಂತಹ ಕಡೆ ಬರೀ ಭಾಗಾಕಾರ ಸಾಲದು, ಒತ್ತಡವನ್ನು ಆಳಕ್ಕೆ ತಿರುಗಿಸಲು ಯುನೆಸ್ಕೋ 1983ರಲ್ಲಿ ಪ್ರಕಟಿಸಿದ ಸೂತ್ರ ಬೇಕು. ಆ ಸೂತ್ರವನ್ನು ನೀವೇ ಕೋಡ್‌ಗೆ ಬರೆದರೆ ಒಂದು ಪರೀಕ್ಷೆ ಇದೆ. 30 ಡಿಗ್ರಿ ಅಕ್ಷಾಂಶ, 10,000 ಡೆಸಿಬಾರ್ ಒತ್ತಡ ಕೊಟ್ಟರೆ ಉತ್ತರ 9712.653 ಮೀಟರ್ ಬರಬೇಕು. ನೂರು ಮೀಟರ್‌ನೊಳಗೆ ಆಡುವ ನಮಗೆ ಸರಿಯಾದ ಸಾಂದ್ರತೆಯ ಒಂದು ಅಂಕಿ ಸಾಕು.

ಸೆನ್ಸರ್ ಮೇಲೇ ಅನುಮಾನ ಇದ್ದರೆ ಸಮುದ್ರಕ್ಕೆ ಹೋಗಬೇಕಾಗಿಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪ್ ಮೂರು ಮೀಟರ್ ಉದ್ದದ್ದು ತನ್ನಿ. ಕೆಳಗೆ ಮುಚ್ಚಳ ಅಂಟಿಸಿ ಗೋಡೆಗೆ ನೆಟ್ಟಗೆ ಕಟ್ಟಿ, ನಲ್ಲಿ ನೀರು ತುಂಬಿ. ಸೆನ್ಸರ್ ಮಾತ್ರ ತಂತಿಯಲ್ಲಿ ಇಳಿಬಿಡಿ. ಒಂದು, ಎರಡು, ಮೂರು ಮೀಟರ್‌ಗೆ ಗುರುತು ಹಾಕಿಕೊಂಡು ಓದಿ. 997 ಹಾಕಿದಾಗ ಮೂರು ಮೀಟರ್‌ಗೆ ಒಂದೆರಡು ಸೆಂಟಿಮೀಟರ್ ಒಳಗೆ ಬಂದರೆ ಸೆನ್ಸರ್ ಚೆನ್ನಾಗಿದೆ. ಊರಲ್ಲಿ ತೆರೆದ ಬಾವಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಬಾವಿಯಲ್ಲಿ ಸೋನಾರ್ ಪರೀಕ್ಷೆ ಮಾಡಬೇಡಿ. 30 ಡಿಗ್ರಿ ಅಗಲದ ಸದ್ದು ಹತ್ತು ಮೀಟರ್ ಹೋಗುವಷ್ಟರಲ್ಲಿ ಐದು ಮೀಟರ್‌ಗಿಂತ ಅಗಲಕ್ಕೆ ಹರಡಿರುತ್ತದೆ. ಬಾವಿಯ ಗೋಡೆಯೇ ಉತ್ತರ ಕೊಡುತ್ತದೆ.

ಅಂಕಿ ನಿಧಾನವಾಗಿ ಜಾರುತ್ತಿದ್ದರೆ ನಿಮ್ಮ ಸೆನ್ಸರ್ ಯಾವ ಬಗೆಯದು ಅಂತ ನೋಡಿ. ಕೆಲವು ಮಾಪಕಗಳು ಹೊರಗಿನ ನೀರಿನ ಒತ್ತಡವನ್ನು ಸಬ್‌ಮರೀನ್ ಒಳಗಿನ ಗಾಳಿಯ ಒತ್ತಡಕ್ಕೆ ಹೋಲಿಸುತ್ತವೆ. ಹಳೆಯ ದೊಡ್ಡ ಸಬ್‌ಮರೀನ್‌ಗಳ ಮುಳ್ಳಿನ ಮಾಪಕವೂ ಹಾಗೆಯೇ. ಮುಚ್ಚಿದ ಡಬ್ಬಿಯೊಳಗೆ ಬ್ಯಾಟರಿ ಮತ್ತು ಮೋಟಾರ್ ಕಂಟ್ರೋಲರ್ ಬಿಸಿಯಾಗಿ, ಗಾಳಿ 28 ಡಿಗ್ರಿಯಿಂದ 50ಕ್ಕೆ ಏರಿತು ಅಂದುಕೊಳ್ಳಿ. ಒಳಗಿನ ಒತ್ತಡ ಶೇಕಡಾ ಏಳರಷ್ಟು ಏರುತ್ತದೆ. ಆಗ ಆಳ ಮುಕ್ಕಾಲು ಮೀಟರ್‌ನಷ್ಟು ಕಮ್ಮಿ ತೋರಿಸುತ್ತದೆ. ಲಕ್ಷಣ ಸ್ಪಷ್ಟ: ಒಂದೇ ಜಾಗದಲ್ಲಿ ನಿಂತಿದ್ದರೂ ಮೊದಲ ಅರ್ಧ ಗಂಟೆ ಆಳ ಕಮ್ಮಿಯಾಗುತ್ತಾ ಹೋಗಿ, ಆಮೇಲೆ ನಿಲ್ಲುತ್ತದೆ. ಲೀಕ್ ಪರೀಕ್ಷೆಗೆ ಡಬ್ಬಿಯ ಗಾಳಿ ಹೀರಿ, ಆಮೇಲೆ ಗಾಳಿ ಬಿಡಲು ಮರೆತರೆ ಇದಕ್ಕೆ ಉಲ್ಟಾ ಆಗುತ್ತದೆ. ದೋಣಿಯಲ್ಲೇ ಎರಡು ಮೂರು ಮೀಟರ್ ಆಳ ಬರುತ್ತದೆ. ಗಾಳಿಯನ್ನೂ ಸೇರಿಸಿ ಅಳೆಯುವ ಸೆನ್ಸರ್‌ಗೆ ಈ ಕಾಟ ಇಲ್ಲ.

ಇಳಿದಾಗ ಅಂಕಿ ತಡವಾಗಿ ಹಿಂಬಾಲಿಸುತ್ತಿದ್ದರೆ ಸೆನ್ಸರ್‌ನ ಸಣ್ಣ ತೂತು ಕಟ್ಟಿದೆ. ಹಿಂದಿನ ಸಲದ ಉಪ್ಪು ಒಣಗಿ ಹರಳಾಗಿರುತ್ತದೆ, ಇಲ್ಲವೇ ಕೆಸರು ತುಂಬಿರುತ್ತದೆ. ದಯವಿಟ್ಟು ಪಿನ್ ಹಾಕಿ ಕೆರೆಯಬೇಡಿ. ಒಳಗಿರುವುದು ಬೆರಳಿಗೂ ತಾಳದ ಮೆತ್ತನೆಯ ಜೆಲ್. ಒಂದು ಸಲ ಪಿನ್ ತಾಗಿದರೆ ಆ ಸೆನ್ಸರ್ ಮುಗಿಯಿತು. ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅಲುಗಾಡಿಸಿ ತೊಳೆದು, ಚೆನ್ನಾಗಿ ಒಣಗಿಸಿ. ದಿನಗಟ್ಟಲೆ ಒದ್ದೆ ಬಿಟ್ಟರೂ ಸೊನ್ನೆ ಜಾರುವುದನ್ನು ನಾನು ನೋಡಿದ್ದೇನೆ.

ಚಲಿಸುವಾಗ ಮಾತ್ರ ತಪ್ಪು ಬಂದರೆ, ಅದು ಎದುರಿನ ನೀರು ಸೆನ್ಸರ್‌ಗೆ ಬಡಿಯುವ ಒತ್ತಡ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಅದು ಹತ್ತು ಸೆಂಟಿಮೀಟರ್‌ಗೂ ಮೇಲೆ ಆಗಬಹುದು. ನಿಲ್ಲಿಸಿ ಓದಿ. ನಿಂತಾಗ ಸರಿಹೋದರೆ ಸೆನ್ಸರ್ ಮುಖವನ್ನು ಎದುರಿನಿಂದ ಪಕ್ಕಕ್ಕೆ ತಿರುಗಿಸಿ.

ಕೆಳಗಿನ ಅರ್ಧ: ಸದ್ದು

ಸೋನಾರ್‌ಗೆ ದೂರ ಗೊತ್ತಿಲ್ಲ, ಹೊತ್ತು ಮಾತ್ರ ಗೊತ್ತು. ಸದ್ದು ಹೋಗಿ ಬಂದ ಹೊತ್ತನ್ನು ಸದ್ದಿನ ವೇಗದಿಂದ ಗುಣಿಸಿ ಅರ್ಧ ಮಾಡುತ್ತದೆ. ಬಹಳಷ್ಟು ಸೋನಾರ್‌ಗಳು ಕಾರ್ಖಾನೆಯಿಂದ ಬರುವಾಗಲೇ ಆ ವೇಗವನ್ನು ಸೆಕೆಂಡಿಗೆ 1500 ಮೀಟರ್ ಅಂತ ಹಿಡಿದಿರುತ್ತವೆ. ಈಜುಕೊಳದ ನೀರಿಗೆ ಇದು ಹತ್ತಿರ ಹತ್ತಿರ ಸರಿ. 25 ಡಿಗ್ರಿಯ ಸಿಹಿನೀರಿನಲ್ಲಿ ಸದ್ದು 1497 ಮೀಟರ್ ಓಡುತ್ತದೆ. ಆದರೆ ಉಪ್ಪುನೀರಿನಲ್ಲಿ ಜೋರಾಗಿ ಓಡುತ್ತದೆ. ನಮ್ಮ ಸಮುದ್ರದಂತೆ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು ಇದ್ದಾಗ 20 ಡಿಗ್ರಿಗೆ 1521, 25ಕ್ಕೆ 1534, 28ಕ್ಕೆ 1541, 30ಕ್ಕೆ 1545 ಮೀಟರ್.

ಮಲ್ಪೆಯಲ್ಲಿ ಅವತ್ತು ನೀರು 28 ಡಿಗ್ರಿ. 1500 ಅಂತ ಹಿಡಿದ ಸೋನಾರ್ ಶೇಕಡಾ 2.7ರಷ್ಟು ಗಿಡ್ಡ ಅಳೆಯುತ್ತಿತ್ತು. 19 ಮೀಟರ್‌ಗೆ ಅದು ಅರ್ಧ ಮೀಟರ್. ಪರದೆಯ 19.5ರ ಕಾರಣ ಸಿಕ್ಕಿತು. ಈಗ ಎರಡನ್ನೂ ಜೊತೆಗಿಟ್ಟು ನೋಡಿ. ಸಿಹಿನೀರಿನ ಭಾರ, ಸಿಹಿನೀರಿನ ವೇಗ. ಈಜುಕೊಳದಲ್ಲಿ ಎರಡೂ ಸರಿ. ಸಮುದ್ರದಲ್ಲಿ ಎರಡೂ ತಪ್ಪು, ಅದೂ ಎದುರು ಬದುರು ದಿಕ್ಕಿಗೆ. ಬೆಂಗಳೂರಿನಲ್ಲಿ ಪಾಸಾದ ಸಬ್‌ಮರೀನ್ ಕರಾವಳಿಯಲ್ಲಿ ಫೇಲಾಗುವುದು ಹೀಗೆ.

ಒತ್ತಡದ ಸೆನ್ಸರ್ ನೀರಿನ ತಾಪವನ್ನೂ ಕೊಡುತ್ತದೆ. ಇಳಿಯುತ್ತಾ ಅದನ್ನು ಬರೆದುಕೊಂಡು, ಅದರಂತೆ ವೇಗ ಹಾಕಿ. ನಮ್ಮ ಕಡೆ ಮಳೆಗಾಲದ ಕೊನೆಯಲ್ಲಿ ಆಳದ ತಣ್ಣೀರು ದಡದ ಕಡೆ ಏರಿ ಬರುತ್ತದೆ. ಮೇಲೆ ಬೆಚ್ಚಗಿದ್ದು ಕೆಳಗೆ ನಾಲ್ಕೈದು ಡಿಗ್ರಿ ತಣ್ಣಗಿರಬಹುದು. ಒಂದು ಡಿಗ್ರಿಗೆ ವೇಗ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬದಲಾಗುತ್ತದೆ. ನಿಮಗೆ ಬೇಕಾದ್ದು ಸಬ್‌ಮರೀನ್‌ನಿಂದ ತಳದವರೆಗಿನ ನೀರಿನ ಸರಾಸರಿ. ಮೇಲ್ಮೈಯ ತಾಪವಲ್ಲ.

ಅಂಕಿ ಒಮ್ಮೆಲೇ ಹಾರುತ್ತಿದ್ದರೆ ಅದು ವೇಗದ ತಪ್ಪಲ್ಲ. ಸೋನಾರ್ ಬೇರೆ ಯಾವುದೋ ಪ್ರತಿಧ್ವನಿಯನ್ನು ತಳ ಅಂದುಕೊಂಡಿದೆ. ಇದನ್ನು ಪತ್ತೆ ಹಚ್ಚಲು ನನಗೆ ಇಷ್ಟವಾದ ಉಪಾಯ ಒಂದಿದೆ: ಸಬ್‌ಮರೀನ್ ಅನ್ನು ಒಂದು ಮೀಟರ್ ಮೇಲೆತ್ತಿ. ನಿಜವಾದ ತಳ ಆಗಿದ್ದರೆ ಕೆಳಗಿನ ಅಂಕಿ ಒಂದು ಮೀಟರ್ ಏರುತ್ತದೆ. ಎರಡು ಮೀಟರ್ ಏರಿದರೆ, ಸದ್ದು ತಳಕ್ಕೆ ಬಡಿದು, ಸಬ್‌ಮರೀನ್ ಹೊಟ್ಟೆಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬಂದಿದೆ. ತಳಕ್ಕೆ ತೀರಾ ಹತ್ತಿರ ಇದ್ದಾಗ ಹೀಗಾಗುತ್ತದೆ. ಸದ್ದು ಹೊರಟ ಮೇಲೆ ಸೋನಾರ್‌ನ ಮುಖ ಗಂಟೆಯ ಹಾಗೆ ಸ್ವಲ್ಪ ಹೊತ್ತು ಮಿಡಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಬಂದ ಮೊದಲ ಪ್ರತಿಧ್ವನಿ ಅದಕ್ಕೆ ಕೇಳಿಸುವುದಿಲ್ಲ, ಎರಡನೆಯದನ್ನೇ ಹಿಡಿಯುತ್ತದೆ. ಸಣ್ಣ ಸೋನಾರ್‌ಗಳಲ್ಲಿ ಅರ್ಧ ಮೀಟರ್‌ಗಿಂತ ಹತ್ತಿರದ ಅಳತೆಯನ್ನು ನಂಬದಿರುವುದೇ ಒಳ್ಳೆಯದು.

ಇನ್ನೊಂದು ಬಗೆಯ ಸುಳ್ಳು ತಳ ಇದೆ, ಇದು ಅಪಾಯದ್ದು. ಸೋನಾರ್ ಸೆಕೆಂಡಿಗೆ 15 ಸಲ ಪಿಂಗ್ ಮಾಡುತ್ತಿದೆ, ಅಂದರೆ ಸದ್ದು ಕಳಿಸುತ್ತಿದೆ ಅಂದುಕೊಳ್ಳಿ. ಎರಡು ಪಿಂಗ್ ನಡುವೆ ಸದ್ದು 50 ಮೀಟರ್ ಹೋಗಿ ಬರುವಷ್ಟು ಹೊತ್ತು ಮಾತ್ರ ಇರುತ್ತದೆ. ತಳ 60 ಮೀಟರ್ ಕೆಳಗಿದ್ದರೆ ಮೊದಲ ಪಿಂಗ್‌ನ ಪ್ರತಿಧ್ವನಿ ಎರಡನೇ ಪಿಂಗ್ ಹೊರಟ ಮೇಲೆ ಬರುತ್ತದೆ. ಸೋನಾರ್ ಅದನ್ನು ಎರಡನೆಯದರದ್ದು ಅಂದುಕೊಂಡು 10 ಮೀಟರ್ ಅನ್ನುತ್ತದೆ. ಪಿಂಗ್ ವೇಗ ಬದಲಿಸಿ ನೋಡಿ. ಪಿಂಗ್ ಬದಲಿಸಿದ್ದಕ್ಕೆ ತಳವೇ ಸರಿದರೆ ಅದು ತಳ ಅಲ್ಲ.

ಅಂಕಿ ಬಂದು ಬಂದು ಮಾಯವಾಗುತ್ತಿದ್ದರೆ ಮೊದಲು ಗುಳ್ಳೆ ನೋಡಿ. ನೀರಿಗೆ ಇಳಿಸಿದಾಗ ಸೋನಾರ್ ಮುಖದ ಕೆಳಗೆ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ. ಬೊಗಸೆಯಷ್ಟೂ ಬೇಡ, ಉಗುರಿನಷ್ಟು ಗುಳ್ಳೆ ಸಾಕು ಸದ್ದನ್ನು ತಡೆಯಲು. ಸಬ್‌ಮರೀನ್ ಅನ್ನು ನೀರೊಳಗೆ ಎರಡು ಸಲ ಮಗುಚಿ, ಅಂಗೈಯಿಂದ ಸೋನಾರ್ ಮುಖ ಒರೆಸಿ. ನಾವು ಒಂದು ಹನಿ ಪಾತ್ರೆ ತೊಳೆಯುವ ಸೋಪ್ ಸವರಿ ಇಳಿಸುತ್ತೇವೆ, ಗುಳ್ಳೆ ಅಂಟಿಕೊಳ್ಳುವುದಿಲ್ಲ. ಗುಳ್ಳೆ ಇಲ್ಲದಿದ್ದರೆ ಸಬ್‌ಮರೀನ್ ಅನ್ನು ತಳ್ಳುವ ಥ್ರಸ್ಟರ್ ಮೋಟಾರ್ ನಿಲ್ಲಿಸಿ. ನಿಂತಾಗ ಸರಿಹೋದರೆ ಮೋಟಾರ್‌ನ ಗಲಾಟೆ ಸೋನಾರ್ ತಂತಿಗೆ ಸೇರುತ್ತಿದೆ. ಎರಡೂ ತಂತಿಗಳನ್ನು ದೂರ ದೂರ ಒಯ್ಯಿರಿ.

ಓರೆಯಾಗಿರುವುದೂ ಒಂದು ಕಾರಣ. ಸದ್ದಿನ ಕಟ್ಟು ಸಪೂರವಾಗಿದ್ದರೆ, 20 ಡಿಗ್ರಿ ಓರೆಯಾದಾಗ ಶೇಕಡಾ ಆರರಷ್ಟು ಜಾಸ್ತಿ ಬರುತ್ತದೆ. ಅಗಲ ಕಟ್ಟಿನ ಸೋನಾರ್‌ಗೆ ಸಪಾಟು ತಳದಲ್ಲಿ ಅಷ್ಟು ತೊಂದರೆ ಇಲ್ಲ, ಅದು ಹತ್ತಿರದ ಬಿಂದುವನ್ನೇ ಹಿಡಿಯುತ್ತದೆ. ಆದರೆ ಅದೇ ಗುಣ ಇಳಿಜಾರಿನಲ್ಲಿ, ಬಂಡೆಯ ಪಕ್ಕದಲ್ಲಿ ಕೈ ಕೊಡುತ್ತದೆ. ನೇರ ಕೆಳಗಿನ ಆಳ ಬಿಟ್ಟು ಪಕ್ಕದ ಬಂಡೆಯ ನೆತ್ತಿಯನ್ನು ಹೇಳುತ್ತದೆ.

ತುಂಬಾ ಆಳದ ನೀರಿನಲ್ಲಿ ಇನ್ನೊಂದು ಮಾಯೆ ಕಾಣುತ್ತದೆ. 1942ರಲ್ಲಿ ಕ್ಯಾಲಿಫೋರ್ನಿಯಾದ ಹೊರಗೆ ಸೋನಾರ್ ಪ್ರಯೋಗ ಮಾಡುತ್ತಿದ್ದವರಿಗೆ ನಡುನೀರಿನಲ್ಲೇ ತಳದಂತಹ ಒಂದು ಪದರ ಕಂಡಿತು. ಹಗಲು ಕೆಳಗೆ, ರಾತ್ರಿ ಮೇಲೆ. ಕಡೆಗೆ ಅದು ಕೋಟಿಗಟ್ಟಲೆ ಸಣ್ಣ ಜೀವಿಗಳ ಗುಂಪು ಅಂತ ಗೊತ್ತಾಯಿತು. ಅವು ರಾತ್ರಿ ಮೇವಿಗೆ ಮೇಲೆ ಬರುತ್ತವೆ. ಅರಬ್ಬೀ ಸಮುದ್ರದ ಆಳ ಭಾಗದಲ್ಲಿ ಲ್ಯಾಂಟರ್ನ್ ಮೀನುಗಳ ಇಂತಹ ಪದರ ದಟ್ಟವಾಗಿದೆ. ಸಂಜೆ ಆಗುತ್ತಾ ನಿಮ್ಮ "ತಳ" ಮೇಲೇರಿದರೆ ಸೋನಾರ್ ರಿಪೇರಿಗೆ ಕೊಡಬೇಡಿ.

ಎರಡೂ ಸರಿ, ಆದರೂ ನಕ್ಷೆಗೆ ಹೊಂದುತ್ತಿಲ್ಲ

ಏರಿಳಿಸುವ ಪರೀಕ್ಷೆಯಲ್ಲಿ ಒಟ್ಟು ಕದಲುತ್ತಿಲ್ಲ, ಹಗ್ಗಕ್ಕೂ ಹೊಂದುತ್ತದೆ, ನಕ್ಷೆಗೆ ಮಾತ್ರ ಹೊಂದುತ್ತಿಲ್ಲ. ಹಾಗಿದ್ದರೆ ಸಬ್‌ಮರೀನ್ ಮುಟ್ಟಬೇಡಿ. ಸಮುದ್ರದ ನಕ್ಷೆಯಲ್ಲಿ ಬರೆದ ಆಳ, ನೀರು ತೀರಾ ಇಳಿದಾಗಿನ ಮಟ್ಟದಿಂದ ಅಳೆದದ್ದು. ನೀವು ಅಳೆದದ್ದು ಆ ಗಳಿಗೆಯ ನೀರು. ಅವತ್ತಿನ ಉಬ್ಬರ ಇಳಿತದ ಪಟ್ಟಿ ತೆಗೆದು ಆ ಹೊತ್ತಿನ ನೀರಿನ ಎತ್ತರ ಕಳೆಯಿರಿ. ನಮ್ಮ ಕರಾವಳಿಯಲ್ಲಿ ಇದೊಂದರಿಂದಲೇ ಒಂದು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುವ ದಿನಗಳಿವೆ. ಲಾಗ್‌ನಲ್ಲಿ ಗಂಟೆ ನಿಮಿಷ ಇಲ್ಲದ ಆಳ ಅರ್ಧ ಅಳತೆ.

ನಕ್ಷೆಯೂ ತಪ್ಪಿರಬಹುದು. 2005ರ ಜನವರಿ 8ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಸಬ್‌ಮರೀನ್ ಗುವಾಮ್ ದ್ವೀಪದ ಆಗ್ನೇಯಕ್ಕೆ, ಸುಮಾರು 160 ಮೀಟರ್ ಆಳದಲ್ಲಿ, ಭಾರಿ ವೇಗದಲ್ಲಿ ಹೋಗುತ್ತಾ ಸಮುದ್ರದೊಳಗಿನ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ತೀರಿಕೊಂಡರು, ಬಹಳ ಜನ ಗಾಯಗೊಂಡರು. ಅವರು ನೋಡುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲಿಲ್ಲ. ಹಡಗಿನಲ್ಲೇ ಇದ್ದ ಬೇರೆ ನಕ್ಷೆಗಳಲ್ಲಿ ಅಲ್ಲಿ ಅಪಾಯ ಇರಬಹುದು ಅನ್ನುವ ಸೂಚನೆ ಇತ್ತು. ಈ ಘಟನೆ ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಸೋನಾರ್ ನಕ್ಷೆಗಿಂತ ಕಮ್ಮಿ ಆಳ ಹೇಳಿದರೆ, ಮೊದಲು ವಾಹನ ನಿಲ್ಲಿಸುತ್ತೇನೆ. ಕಾರಣ ಹುಡುಕುವುದು ಆಮೇಲೆ.

ಇನ್ನು ಕೆಸರು. ಕರಾವಳಿಯ ಮೆತ್ತನೆ ತಳದಲ್ಲಿ "ತಳ" ಅನ್ನೋದೇ ಒಂದು ಗೆರೆ ಅಲ್ಲ. ಹೆಚ್ಚು ಕಂಪನಾಂಕದ ಸೋನಾರ್, ಅಂದರೆ 200 ಕಿಲೋಹರ್ಟ್ಸ್‌ನದು, ಕೆಸರಿನ ಮೇಲ್ಪದರಕ್ಕೇ ಬಡಿದು ವಾಪಸ್ ಬರುತ್ತದೆ. ಕಮ್ಮಿ ಕಂಪನಾಂಕದ್ದು, 30 ಕಿಲೋಹರ್ಟ್ಸ್ ಆಸುಪಾಸಿನದು, ಕೆಸರೊಳಗೆ ಇಳಿದು ಗಟ್ಟಿ ಪದರ ಹಿಡಿಯುತ್ತದೆ. ಬಂದರಿನ ಕಾಲುವೆ ಅಳೆಯುವವರು ಎರಡನ್ನೂ ಒಟ್ಟಿಗೆ ಬಳಸುವುದು ಇದಕ್ಕೇ. ಸೀಸದ ಗುಂಡು ಇವೆರಡರ ನಡುವೆ ಎಲ್ಲೋ ಹೂತು ನಿಲ್ಲುತ್ತದೆ.

ಮಲ್ಪೆಗೆ ಎರಡನೇ ಸಲ ಹೋದಾಗ 1022 ಮತ್ತು 1541 ಹಾಕಿಕೊಂಡು, ದೋಣಿಯಲ್ಲೇ ಸೊನ್ನೆ ಮಾಡಿ ಇಳಿಸಿದೆವು. ಮೂರು ಮಟ್ಟದಲ್ಲೂ ಒಟ್ಟು ಐದು ಸೆಂಟಿಮೀಟರ್ ಒಳಗೆ ನಿಂತಿತು. ಹಗ್ಗ ಮಾತ್ರ ಹತ್ತು ಸೆಂಟಿಮೀಟರ್ ಜಾಸ್ತಿ ಹೇಳುತ್ತಿತ್ತು. ತಾಂಡೇಲರು ಗುಂಡು ಮೇಲೆಳೆದು ಕೈಗೆ ಕೊಟ್ಟರು. ಅದರ ಸುತ್ತ ಬೂದು ಬಣ್ಣದ ಕೆಸರು ಅರ್ಧ ಗೇಣಿನಷ್ಟು ಎತ್ತರಕ್ಕೆ ಮೆತ್ತಿಕೊಂಡಿತ್ತು. ಆ ಹತ್ತು ಸೆಂಟಿಮೀಟರ್ ಅನ್ನು ತಿದ್ದದೆ ಹಾಗೇ ಬಿಟ್ಟು, ಲಾಗ್‌ನಲ್ಲಿ "ಗುಂಡು ಕೆಸರಿಗೆ ಇಳಿದಿದೆ" ಅಂತ ಬರೆದೆವು.